ಕಾಂಗಿನ ಹೊಟ್ಟೆ

ಮೂರನೆಯ ಸಲ ದೆಮಾನ್ ಒಳಕೋಣೆಯ ಕಾಂಗಿನ ಹೊಟ್ಟೆ ಒಡೆಯತೊಡಗಿದಾಗ ಅವನ ಹೆಂಡತಿ ಯಾಚಿನ್ ಅಂಗಳದಲ್ಲಿ ನೂರಾ ನಲವತ್ತು ಎಲೆಕೋಸುಗಳ ನಡುವೆ ನಿಂತಿದ್ದಳು. ತೋಳುದ್ದದ ಕೋಸುಗಳು. ಬುಡವನ್ನು ಬಿಸಿಲಿಗೆ ತಿರುಗಿಸಿ, ವಾರ್ಡಿನಲ್ಲಿ ರೋಗಿಗಳನ್ನು ಮಲಗಿಸಿದ ಹಾಗೆ ಸಾಲಾಗಿ ಮಲಗಿಸಿದ್ದಳು. ಹೊರಗಿನ ಎಲೆ ಬಾಡಿ ಎಂಟು ದಿನವಾಗಿತ್ತು. ಅರ್ಧ ಹುಳಿಗೋಸಿನ ಹರವಿಗೆ ಹೋಗಬೇಕು, ಅರ್ಧ ನೆಲಗುಂಡಿಗೆ ಇಳಿಯಬೇಕು. ಆದರೆ ಹರವಿ ಕೂರುವ ಮೂಲೆಯಲ್ಲಿ ಇಟ್ಟಿಗೆ ರಾಶಿ ಬಿದ್ದಿತ್ತು. ನೆಲಗುಂಡಿಗೆ ಇಳಿಯುವ ಏಣಿಯನ್ನು ದೆಮಾನ್ ಚಿಮಣಿ ನೋಡಲು ಒಯ್ದು ಮಾಡಿನ ಮೇಲೇ ಬಿಟ್ಟಿದ್ದ. ಚಳಿಗಾಳಿ ತಡೆಯಲು ಕಿಟಕಿಗೆ ಹೊದಿಸಬೇಕಾದ ಪ್ಲಾಸ್ಟಿಕ್ ಸುರುಳಿ ಕೋಳಿಗೂಡಿನ ಮೇಲಿತ್ತು, ಕೋಳಿಗಳು ಅದರ ಮೇಲೆ ತಮ್ಮ ಅಭಿಪ್ರಾಯ ತಿಳಿಸಿದ್ದವು. ನೀರು ಹೆಪ್ಪುಗಟ್ಟದಂತೆ ಬೋರಿನ ಕೊಳವೆಗೆ ಇನ್ನೂ ಹುಲ್ಲು ಸುತ್ತಿರಲಿಲ್ಲ. ಒಂದು ಕೆಲಸಕ್ಕೆ ಕೈಹಾಕಿದರೆ ಅದು ಇನ್ನೊಂದರ ಕಡೆ ಬೆರಳು ತೋರಿಸುತ್ತಿತ್ತು, ಅದು ಮತ್ತೊಂದರ ಕಡೆ. ಕೊನೆಗೆ ಎಲ್ಲ ಬೆರಳುಗಳೂ ಒಳಕೋಣೆಯ ಕಾಂಗಿನತ್ತಲೇ ತಿರುಗಿ ನಿಲ್ಲುತ್ತಿದ್ದವು.

ಕಾಂಗ್ ಎಂದರೆ ಮಲಗುವ ಜಗಲಿ, ಕೂತು ಉಣ್ಣುವ ಜಗಲಿ, ಬಂದವರನ್ನು ಕೂರಿಸುವ ಜಗಲಿ. ಕೋಣೆಯ ಅರ್ಧಭಾಗವೇ ಅದು. ಅಡುಗೆಮನೆಯ ಒಲೆಯ ಹೊಗೆ ಗೋಡೆಯ ತೂತಿನಿಂದ ಅದರ ಹೊಟ್ಟೆಗೆ ನುಗ್ಗಿ, ಇಟ್ಟಿಗೆಯ ಓಣಿಗಳಲ್ಲಿ ಅಡ್ಡಾಡಿ, ಮೈ ಕಾಯಿಸಿ, ಆಚೆ ತುದಿಯ ಚಿಮಣಿಯಿಂದ ಹೊರಗೆ ಹೋಗಬೇಕು. ಹೋಗಬೇಕು. ಈ ವರ್ಷ ಹೋಗುತ್ತಿರಲಿಲ್ಲ. ಅರ್ಧ ದಾರಿ ಹೋಗಿ ಏನೋ ಮರೆತವರ ಹಾಗೆ ತಿರುಗಿ ಒಲೆಯ ಬಾಯಿಂದಲೇ ಮನೆಯೊಳಗೆ ಬರುತ್ತಿತ್ತು.

"ಕಾಯಿಲೆ ಸಿಕ್ತು ನೋಡು," ಒಳಗಿನಿಂದ ದೆಮಾನ್ ಹೇಳಿದ.

"ಹೋದ ಸಲಾನೂ ಸಿಕ್ಕಿತ್ತು."

"ಅದು ಬೇರೆ ಕಾಯಿಲೆ."

ಆಮೇಲೆ ಸುತ್ತಿಗೆಯ ಸದ್ದು, ಕೆಮ್ಮು, ಮತ್ತೆ ಸುತ್ತಿಗೆ. ಯಾಚಿನ್ ಒಂದು ಕೋಸು ಎತ್ತಿ, ತಿರುಗಿಸಿ, ಇದ್ದ ಜಾಗದಲ್ಲೇ ಇಟ್ಟಳು. ಮಾಡಲು ಇನ್ನೇನೂ ಇರಲಿಲ್ಲ. ಮಾಡಲು ಇದ್ದದ್ದನ್ನೆಲ್ಲ ಆ ಸುತ್ತಿಗೆ ತಡೆದು ನಿಲ್ಲಿಸಿತ್ತು.

ಇದೆಲ್ಲ ಹೀಗಾಗಬೇಕಾಗಿರಲಿಲ್ಲ. ಪ್ರತಿ ವರ್ಷ ಮೊದಲ ಮಂಜು ಬೀಳುವ ಮುಂಚೆ ಯಾಚಿನ್‌ಳ ಅಣ್ಣ ಶಿಲಿನ್ ಬರುತ್ತಿದ್ದ. ಈ ಕಣಿವೆಯ ಆರು ಹಳ್ಳಿಗಳಿಗೆ ಕಾಂಗ್ ಕಟ್ಟುವ ಮೇಸ್ತ್ರಿ ಅವನೊಬ್ಬನೇ. ಬಂದವನು ನಾಲ್ಕು ಇಟ್ಟಿಗೆ ಎತ್ತಿ, ಒಳಗಿನ ಮಸಿ ಬಳಿದು, ಇಟ್ಟಿಗೆ ಕೂರಿಸಿ, ಮಣ್ಣು ಮೆತ್ತಿ, ಮಧ್ಯಾಹ್ನದ ಊಟದ ಹೊತ್ತಿಗೆ ಕೈ ತೊಳೆಯುತ್ತಿದ್ದ. ಆದರೆ ಹೋದ ಚಳಿಗಾಲದಲ್ಲಿ ಹೊಸ ವರ್ಷದ ಹಬ್ಬಕ್ಕೆ ಹಂದಿ ಕಡಿದ ದಿನ, ಊರ ಹತ್ತು ಮಂದಿ ಇದೇ ಕಾಂಗಿನ ಮೇಲೆ ಕೂತು ಉಣ್ಣುತ್ತಿರುವಾಗ, ಮೂರನೆಯ ಬಟ್ಟಲು ಮದ್ಯ ಇಳಿಸಿದ ದೆಮಾನ್ ತನ್ನ ಭಾವನಿಗೆ ಒಂದು ಭವಿಷ್ಯ ಹೇಳಿದ್ದ. ಪಟ್ಟಣದಲ್ಲಿ ಕರೆಂಟಿನ ಚಾಪೆ ಬಂದಿದೆ, ಇನ್ನು ಐದೇ ವರ್ಷ, ನಿನ್ನ ಕರಣೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಶಾಲೆ ಮಕ್ಕಳಿಗೆ ತೋರಿಸ್ತಾರೆ ಎಂದಿದ್ದ. ಎಲ್ಲರೂ ನಕ್ಕರು. ಶಿಲಿನ್ ಊಟದ ಕಡ್ಡಿಗಳನ್ನು ಬಟ್ಟಲಿನ ಮೇಲೆ ಅಡ್ಡ ಇಟ್ಟು ಎದ್ದ. "ನಿನ್ನ ತಿಕ ಮೂವತ್ತು ವರ್ಷದಿಂದ ನನ್ನ ಇಟ್ಟಿಗೆ ಮೇಲೆ ಬೆಚ್ಚಗಿದೆ. ಅದಕ್ಕಾದರೂ ನಾಲಿಗೆಗಿಂತ ಜಾಸ್ತಿ ಮರ್ಯಾದೆ ಇರಬಹುದು," ಎಂದ. ಅದಕ್ಕೆ ಇನ್ನೂ ಜೋರಾಗಿ ನಕ್ಕರು. ಅವನು ಹೊರಗೆ ನಡೆದ. ಈ ಮನೆಯ ಹೊಸ್ತಿಲು ದಾಟೆನು ಎಂದು ಬೀದಿಯಲ್ಲಿ ನಿಂತು ಹೇಳಿದ್ದನ್ನು ಎದುರು ಮನೆಯವರೂ ಕೇಳಿಸಿಕೊಂಡರು.

ಹಾಗಾಗಿ ಈ ವರ್ಷ ದೆಮಾನ್ ತಾನೇ ಮಾಡುತ್ತೇನೆ ಎಂದ. ಫೋನಿನಲ್ಲಿ ವಿಡಿಯೊ ನೋಡಿದ. ಫೋನಿನಲ್ಲೇ ಹೊಳೆಯುವ ಹೊಸ ಕರಣೆಯೊಂದನ್ನು ತರಿಸಿದ. ಮಸಿ ಬಳಿದು ಮುಚ್ಚಿದ್ದರೆ ಸಾಕಿತ್ತು. ಆದರೆ ಹೊಟ್ಟೆ ತೆರೆದು ನೋಡಿದ ಮೇಲೆ ಅವನಿಗೆ ಭಾವನ ಕೆಲಸದಲ್ಲಿ ನೂರು ತಪ್ಪು ಕಾಣಿಸಿದವು. ತಪ್ಪುಗಳನ್ನೆಲ್ಲ ತಿದ್ದಿದ. ಆವತ್ತಿನಿಂದ ಹೊಗೆ ಮನೆಯೊಳಗಿದೆ. ಮೊದಲು ಸೌದೆ ಹಸಿ ಎಂದ. ಆಮೇಲೆ ಚಿಮಣಿ ಗಿಡ್ಡ ಎಂದು ತಗಡಿನ ಕೊಳವೆ ಸಿಕ್ಕಿಸಿದ. ಈಗ ಓಣಿಗಳ ದಿಕ್ಕೇ ತಪ್ಪು ಎನ್ನುತ್ತಿದ್ದಾನೆ.

ಚಳಿಗೆ ಯಾಚಿನ್ ಹೆದರುವವಳಲ್ಲ. ಎರಡು ವಾರದಿಂದ ಅಡುಗೆಮನೆಯಲ್ಲಿ ಹಲಗೆ ಹಾಕಿಕೊಂಡು, ಹತ್ತಿಯ ಕೋಟು ತೊಟ್ಟೇ ಮಲಗುತ್ತಿದ್ದಳು, ಅದಕ್ಕೂ ಅವಳು ಗೊಣಗಿರಲಿಲ್ಲ. ಅವಳಿಗೆ ಒಂದೇ ಲೆಕ್ಕ. ಮೊಮ್ಮಗಳಿಗೆ ತಿಂಗಳು ತುಂಬಲು ಹನ್ನೊಂದು ದಿನ ಉಳಿದಿತ್ತು.

ತಿಂಗಳು ತುಂಬಿದ ಮಗುವನ್ನು ಎತ್ತಿಕೊಂಡು ತಾಯಿ ತವರಿಗೆ ಬಂದು ಕೆಲವು ದಿನ ಇರಬೇಕು. ಗೂಡು ಬದಲಿಸುವುದು ಎನ್ನುತ್ತಾರೆ. ಗೂಡು ಬದಲಿಸದ ಕೂಸು ಪುಕ್ಕಲಾಗುತ್ತದೆ ಎಂಬ ಮಾತಿದೆ. ಯಾಚಿನ್ ಇಂಥ ಮಾತುಗಳಲ್ಲಿ ಅರ್ಧ ನಂಬುವವಳು, ಅರ್ಧ ನಗುವವಳು. ಆದರೆ ಅವಳ ಮಗಳು, ಈ ಕೂಸಿನ ತಾಯಿ, ದಾನ್‌ದಾನ್‌ಗೆ ತಿಂಗಳು ತುಂಬಿದ ವಾರ ಹಿಮ ಬಿದ್ದು ದಾರಿ ಮುಚ್ಚಿತ್ತು, ಹೊಳೆಯಾಚೆಯ ತವರಿಗೆ ಹೋಗಲಾಗಿರಲಿಲ್ಲ. ಆ ಹುಡುಗಿ ಇಪ್ಪತ್ತಾರು ತುಂಬಿದರೂ ಕುಕ್ಕರ್ ಕೂಗಿದರೆ ಈಗಲೂ ಬೆಚ್ಚಿ ಎದ್ದು ನಿಲ್ಲುತ್ತಾಳೆ. ಈ ಅರ್ಧ ಪುರಾವೆ ಯಾಚಿನ್‌ಗೆ ಸಾಕಾಗಿತ್ತು.

ಮಗು ಹುಟ್ಟಿದ ಹನ್ನೆರಡನೆಯ ದಿನ ನೂರು ಮೊಟ್ಟೆ ಹೊತ್ತು ಪಟ್ಟಣಕ್ಕೆ ಮಗು ನೋಡಲು ಹೋದಾಗಲೇ ಈ ಮಾತು ಎತ್ತಿದ್ದಳು. ಬೀಗಿತ್ತಿ ಝಾಯ್ ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಮೊಟ್ಟೆಗಳನ್ನೂ ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದ ಹೆಂಗಸು. ಅವಳ ಮನೆಯಲ್ಲಿ ಗೋಡೆಯ ಕೊಳವೆಯಲ್ಲಿ ಬಿಸಿನೀರು ಹರಿಯುತ್ತದೆ, ಚಳಿಗಾಲದಲ್ಲೂ ತೆಳು ಅಂಗಿಯಲ್ಲಿ ಓಡಾಡುತ್ತಾರೆ.

"ನೋಡಿ ಬೀಗಿತ್ತಿ, ಚಳಿ ದೊಡ್ಡದಲ್ಲ. ಇನ್ನೊಂದು ಹೊದಿಕೆ ಹೊದಿಸಬಹುದು," ಎಂದಿದ್ದಳು ಝಾಯ್. "ಹೊಗೆಗೆ ನಾನು ಹೆದರೋದು. ಪ್ರತಿ ಚಳಿಗಾಲ ನಮ್ಮಲ್ಲಿಗೆ ಇಬ್ಬರನ್ನೋ ಮೂವರನ್ನೋ ತರ್ತಿದ್ರು. ಕೆನ್ನೆ ಕೆಂಪಗೆ, ನಮಗಿಂತ ಆರೋಗ್ಯವಾಗಿರೋರ ಥರ ಕಾಣೋರು. ಎದ್ದೇಳ್ತಿರ್ಲಿಲ್ಲ, ಅಷ್ಟೆ."

ಆ ಮಾತಿನಲ್ಲಿ ಸೊಕ್ಕಿದ್ದರೆ ಯಾಚಿನ್ ತಿರುಗಿ ಏನಾದರೂ ಹೇಳಬಹುದಾಗಿತ್ತು. ಇರಲಿಲ್ಲ. ಕಾಂಗನ್ನು ನಿಮ್ಮ ಅಣ್ಣನೇ ನೋಡಿಕೊಳ್ಳುವುದಲ್ಲವೇ, ಆ ಮೇಸ್ತ್ರಿಯ ಹೆಸರು ಕೇಳಿದ್ದೇನೆ, ಅವನ ಕೈಯ ಕಾಂಗಾದರೆ ಕಳಿಸುತ್ತೇನೆ ಎಂದು ಝಾಯ್ ಕೊನೆಗೆ ಒಪ್ಪಿದಾಗ ಯಾಚಿನ್ ತಲೆಯಾಡಿಸಿಬಿಟ್ಟಿದ್ದಳು. ತಲೆಯಾಡಿಸಲು ಎಷ್ಟು ಹೊತ್ತು ಬೇಕು.

ಮೂರನೆಯ ಸಲ ಮುಚ್ಚಿದ ಕಾಂಗಿಗೆ ಎರಡು ದಿನದ ನಂತರ ಬೆಂಕಿ ಹಾಕಿದರು. ದೆಮಾನ್ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಜೋಳದ ದಂಟು ತುರುಕಿದ. ಯಾಚಿನ್ ಅಂಗಳದಲ್ಲಿ ನಿಂತು ಚಿಮಣಿ ನೋಡಿದಳು. ತಗಡಿನ ಕೊಳವೆಯಿಂದ ಬೆಳ್ಳಗೆ ಒಂದು ಎಳೆ ಎದ್ದಿತು. ಬೆರಳಿನಷ್ಟಾಯಿತು, ತೋಳಿನಷ್ಟಾಯಿತು. ಅವಳು ಉಸಿರು ಬಿಗಿಹಿಡಿದಳು. ಅಷ್ಟರಲ್ಲಿ ಬೆಟ್ಟದ ಕಡೆಯಿಂದ ಒಂದು ಗಾಳಿ ಬೀಸಿತು, ಎಳೆ ತುಂಡಾಯಿತು, ಒಳಗೆ ದೆಮಾನ್ ಕೂಗಿದ್ದು ಕೇಳಿಸಿತು. ಹೊರಗೆ ಬಂದವನ ಹುಬ್ಬು ಅರ್ಧ ಸುಟ್ಟಿತ್ತು.

"ಗಾಳಿ ಸರಿ ಇಲ್ಲ ಇವತ್ತು," ಎಂದ.

ಯಾಚಿನ್ ಅವನ ಮುಖ ನೋಡಿದಳು. ಮೂವತ್ತು ವರ್ಷದಲ್ಲಿ ಅವಳು ಇವನ ಮೇಲೆ ಕಿರುಚಿದ್ದಿದೆ, ಬಟ್ಟಲು ಎಸೆದದ್ದೂ ಇದೆ. ಆವತ್ತು ಅದು ಯಾವುದೂ ಬೇಕೆನಿಸಲಿಲ್ಲ. ತಲೆಗೆ ಬಟ್ಟೆ ಸುತ್ತಿಕೊಂಡು ಹೊಳೆಯಾಚೆಯ ಅಣ್ಣನ ಮನೆಗೆ ನಡೆದಳು.

ಶಿಲಿನ್ ತನ್ನ ಅಂಗಳದಲ್ಲಿ ಬೋರಿನ ಕೊಳವೆಗೆ ಹುಲ್ಲಿನ ಹಗ್ಗ ಸುತ್ತುತ್ತಿದ್ದ. ಅವನ ಕೋಸು ಒಳಗಿದ್ದವು, ಕಿಟಕಿ ಮುಚ್ಚಿತ್ತು, ಸೌದೆ ಗೋಡೆಯ ಹಾಗೆ ನಿಂತಿತ್ತು. ಆ ಅಚ್ಚುಕಟ್ಟು ನೋಡಿಯೇ ಅವಳಿಗೆ ಅರ್ಧ ಸಿಟ್ಟು ಬಂತು. ತಂಗಿ ಹೇಳಿದ್ದನ್ನೆಲ್ಲ ಅವನು ತಲೆಯೆತ್ತದೆ ಕೇಳಿದ. ಕೇಳಿ, ಅವನೇ ಬರಲಿ ಎಂದ. ಮದ್ಯದ ಶೀಸೆ ತರುವುದೂ ಬೇಡ, ಹತ್ತು ಜನರ ಎದುರು ಆಡಿದ ಮಾತನ್ನು ಒಬ್ಬನ ಎದುರು ವಾಪಸು ತೆಗೆದುಕೊಂಡರೆ ಸಾಕು ಎಂದ. ಅವನು ಸತ್ತರೂ ಬರುವುದಿಲ್ಲ ಎಂದಳು ಯಾಚಿನ್. ಹಾಗಾದರೆ ಸಾಯಲಿ, ಆಮೇಲೆ ನೋಡೋಣ ಎಂದ ಅಣ್ಣ. ಇದು ದೆಮಾನ್‌ಗಲ್ಲ, ನನಗೆ, ಮಗುವಿಗೆ ಎಂದಳು. ಅವನು ಹಗ್ಗ ಬಿಗಿದ. ಆಮೇಲೆ ತಾನೇ ತಡೆಯಲಾರದೆ ಕೇಳಿದ:

"ಹೊಗೆ ಬಿರುಕಿಂದ ಬರುತ್ತೋ, ಒಲೆ ಬಾಯಿಂದ್ಲೋ?"

"ಬಾಯಿಂದ."

"ಯಾವಾಗ್ಲೂನೋ, ಗಾಳಿ ಬಂದಾಗ್ಲೋ?"

"ಗಾಳಿ ಬಂದಾಗ."

ಅವನ ಮುಖದಲ್ಲಿ ಏನೋ ಹೊಳೆದದ್ದು ಕಂಡಿತು. ಉತ್ತರ ಅವನ ನಾಲಿಗೆಯ ತುದಿಗೆ ಬಂದದ್ದೂ ಕಂಡಿತು. ಅವನು ಬಾಯಿ ಮುಚ್ಚಿಕೊಂಡ. ಇಂಥದ್ದು ಬಾಯಲ್ಲಿ ಹೇಳುವುದಲ್ಲ, ಕೈಗೆ ಕಾಣಬೇಕು ಎಂದ.

"ಕೈ ನನಗೂ ಇದೆ," ಎಂದಳು ಯಾಚಿನ್. "ಹದಿನಾರು ವರ್ಷದ ತನಕ ಅಪ್ಪನಿಗೆ ಮಣ್ಣು ತುಳಿದು ಕೊಟ್ಟವಳು ನಾನು. ನೀನು ಆಗ ಹೊಳೇಲಿ ಮೀನು ಹಿಡೀತಿದ್ದೆ. ಕರಣೆ ಮಾತ್ರ ನಿನ್ನ ಕೈಗೆ ಬಂತು."

"ಹೆಂಗಸು ಕಾಂಗ್ ಕಟ್ಟಿದ್ರೆ ಜನ ನಗ್ತಾರೆ, ತಂಗಿ."

"ಈಗ ಅಳ್ತಿದ್ದಾರಾ?"

ಹೊಳೆ ದಾಟುವಾಗ ಅವಳ ಕಾಲು ಜಾರಿ ಒಂದು ಬೂಟಿನೊಳಗೆ ನೀರು ಹೊಕ್ಕಿತು. ಆ ನೀರು ಮನೆ ತಲುಪುವ ತನಕ ಪಚಪಚ ಎನ್ನುತ್ತಿತ್ತು. ಅದನ್ನು ಕೇಳುತ್ತ ಅವಳು ಯೋಚಿಸಿದಳು. ಗಾಳಿ ಬಂದಾಗ ಮಾತ್ರ. ಅಂದರೆ ಓಣಿಗಳಲ್ಲಿ ತಪ್ಪಿಲ್ಲ. ತಪ್ಪು ಚಿಮಣಿಯ ಬುಡದಲ್ಲಿದೆ. ಅಲ್ಲಿ ಏನಿರುತ್ತದೆ? ಅಪ್ಪನ ಬೆನ್ನು ಕಣ್ಣಿಗೆ ಬಂತು, ಮಸಿ ಹಿಡಿದ ಅಂಗಿ, ಅವನು ಬಾಗಿ ನೋಡುತ್ತಿದ್ದ ಕತ್ತಲು. ಅಲ್ಲಿ ಒಂದು ಗುಂಡಿ ಇರುತ್ತದೆ. ಮೇಸ್ತ್ರಿಗಳು ಅದನ್ನು ನಾಯಿಗೂಡು ಎನ್ನುತ್ತಾರೆ. ಮೇಲಿಂದ ತಣ್ಣನೆಯ ಗಾಳಿ ಚಿಮಣಿಯೊಳಗೆ ಬಿದ್ದರೆ ಆ ಗುಂಡಿಗೆ ಹೋಗಿ ಮುಗ್ಗರಿಸಬೇಕು, ಹೊಗೆಯನ್ನು ಹಿಂದಕ್ಕೆ ತಳ್ಳಬಾರದು. ನೋಡಿದವರಿಗೆ ಅದು ಸುಮ್ಮನೆ ಒಂದು ಗುಂಡಿ.

ದೆಮಾನ್‌ನನ್ನು ಕೇಳಿದಳು. ಚಿಮಣಿಯ ಕೆಳಗೆ ಗುಂಡಿ ಇತ್ತೇ?

"ಇತ್ತು. ದಂಡ. ಅರ್ಧ ಬಿಸಿ ಅದರೊಳಗೇ ಹೋಗ್ತಿತ್ತು. ಮೊದಲನೇ ದಿನವೇ ಮುಚ್ಚಿದೆ."

"ಏನು ಹಾಕಿ ಮುಚ್ಚಿದ್ರಿ?"

"ಸಿಮೆಂಟು," ಎಂದ ದೆಮಾನ್, ಹೆಮ್ಮೆಯಿಂದ.

ಅವಳು ಅವನಿಗೆ ಏನನ್ನೂ ವಿವರಿಸಲಿಲ್ಲ. ವಿವರಿಸಿದರೆ ವಾದ ಮಾಡುತ್ತಾನೆ, ವಿಡಿಯೊ ತೋರಿಸುತ್ತಾನೆ, ಒಂದು ದಿನ ಹೋಗುತ್ತದೆ. ಉಳಿದಿರುವುದು ಒಂಬತ್ತು. ಮಾರನೆಯ ಬೆಳಗ್ಗೆ ಮೂರು ಚಕ್ರದ ಗಾಡಿಗೆ ಮೂವತ್ತು ಕೋಸು, ಒಂದು ಬುಟ್ಟಿ ಮೊಟ್ಟೆ ಹೇರಿ, ಮಗಳಿಗೆ ಕೊಟ್ಟು ಬನ್ನಿ, ಹಾಗೇ ಮಗುವನ್ನು ಕಣ್ತುಂಬ ನೋಡಿ ಬನ್ನಿ ಎಂದು ಅವನನ್ನು ಕಳಿಸಿದಳು. ಗಾಡಿಯ ಸದ್ದು ಊರ ಹೊರಗೆ ಕರಗಿದ ಮೇಲೆ ಹಾರೆ ಕೈಗೆತ್ತಿಕೊಂಡಳು.

ಕಾಂಗಿನ ಮೇಲುಹಾಸು ಬಿಚ್ಚುವುದು ಕಷ್ಟವಾಗಲಿಲ್ಲ. ದೆಮಾನ್‌ನ ಮಣ್ಣು ಬಿಸ್ಕತ್ತಿನ ಹಾಗೆ ಉದುರಿತು. ಮರಳು ಹೆಚ್ಚು, ಹುಲ್ಲು ಕಡಿಮೆ. ಓಣಿಗಳನ್ನು ಅವನು ಮೂರು ಸಲ ಅತ್ತಿತ್ತ ಎಳೆದದ್ದಕ್ಕೆ ಹೊಟ್ಟೆಯೊಳಗೆ ಕಳೆದ ವರ್ಷದ ಗುರುತೇ ಇರಲಿಲ್ಲ. ಆದರೆ ಆ ಸಿಮೆಂಟು. ಆ ಮನುಷ್ಯ ಬದುಕಿನಲ್ಲಿ ಒಂದು ಬಾಗಿಲ ಚಿಲಕ ಗಟ್ಟಿಯಾಗಿ ಕೂರಿಸಿದವನಲ್ಲ. ಎಲ್ಲಿ ಮೆತ್ತಗಿರಬೇಕಿತ್ತೋ ಅಲ್ಲಿ ಮಾತ್ರ ಬಂಡೆಯಾಗಿಸಿದ್ದ. ಹಾರೆ ಬಿದ್ದರೆ ಕಿಡಿ ಹಾರುತ್ತಿತ್ತು, ಒಂದು ಬೆರಳಿನಷ್ಟು ಚೂರು ಏಳುತ್ತಿತ್ತು. ಸೊಂಟದ ತನಕ ಕಾಂಗಿನೊಳಗೆ ಇಳಿದು, ಚಿಮಣಿಯ ಬುಡಕ್ಕೆ ತಲೆ ತೂರಿಸಿ, ಮಲಗಿಕೊಂಡು ಹೊಡೆಯಬೇಕು. ಮಸಿ ಕಣ್ಣಿಗೆ, ಬಾಯಿಗೆ. ಹನ್ನೊಂದು ಗಂಟೆಗೆ ಅವಳ ಬಲಗೈ ಮೇಲಕ್ಕೆ ಏಳಲಿಲ್ಲ, ಎಡಗೈಗೆ ಬದಲಾಯಿಸಿದಳು. ಎಡಗೈಯಲ್ಲಿ ಹೊಡೆದದ್ದು ಸಿಮೆಂಟಿಗೆ ಒಂದು ಸಲ, ಮೊಣಕಾಲಿಗೆ ಒಂದು ಸಲ ಬೀಳುತ್ತಿತ್ತು. ಆಗ ಅವಳಿಗೆ ಅಳು ಬಂತು. ಗಂಡನ ಮೇಲೋ ಅಣ್ಣನ ಮೇಲೋ ಗೊತ್ತಾಗಲಿಲ್ಲ. ಒಬ್ಬನಿಗೆ ಕೆಲಸ ಗೊತ್ತಿಲ್ಲ, ಮಾಡುತ್ತಾನೆ. ಇನ್ನೊಬ್ಬನಿಗೆ ಗೊತ್ತು, ಮಾಡುವುದಿಲ್ಲ. ಇಬ್ಬರ ಮರ್ಯಾದೆಯೂ ಗಟ್ಟಿಯಾಗಿ ಉಳಿಯಲಿ ಎಂದು ಅವಳು ಈ ಗುಂಡಿಯೊಳಗೆ ಮಲಗಿ ಹೊಡೆಯುತ್ತಿದ್ದಾಳೆ. ಅತ್ತದ್ದು ಸ್ವಲ್ಪವೇ. ಅಳುತ್ತ ಉಸಿರೆಳೆದರೆ ಮಸಿ ಇನ್ನೂ ಒಳಗೆ ಹೋಗುತ್ತದೆ.

ಮೂರು ಗಂಟೆಗೆ ದೆಮಾನ್ ಬಂದಾಗ ಗುಂಡಿ ಖಾಲಿಯಾಗಿತ್ತು. ಅವನು ಬಾಗಿಲಲ್ಲಿ ನಿಂತು, ಕಾಂಗಿನೊಳಗಿಂದ ಎದ್ದ ಕಪ್ಪು ತಲೆಯನ್ನು ನೋಡಿದ. ನೆಲದ ಮೇಲಿದ್ದ ಸಿಮೆಂಟಿನ ಚೂರುಗಳನ್ನು ನೋಡಿದ. ವಿಡಿಯೊದಲ್ಲಿ ಆ ಗುಂಡಿ ಇರಲೇ ಇಲ್ಲ ಎಂದು ಶುರುಮಾಡಿದ.

"ಮಣ್ಣು ತುಳೀರಿ," ಎಂದಳು ಯಾಚಿನ್.

"ಈಗ?"

"ಹುಲ್ಲು ಒಂದು ಬೆರಳುದ್ದ ಕತ್ತರಿಸಿ ಹಾಕಿ. ಮರಳು ಎರಡೇ ಸಲಿಕೆ. ಕಾಲಿಗೆ ಅಂಟಿದ್ದು ಬಿಡಬಾರದು, ಅಷ್ಟು ತುಳೀರಿ."

ಅವನು ಏನೋ ಹೇಳಹೊರಟು, ಅವಳ ಕಣ್ಣು ನೋಡಿ, ಬೂಟು ಬಿಚ್ಚಿದ. ಮಣ್ಣು ಹಿಮದಷ್ಟು ತಣ್ಣಗಿತ್ತು. ಅಂಗಳದಲ್ಲಿ ಪ್ಯಾಂಟು ಮಡಚಿಕೊಂಡು, ಕೊಕ್ಕರೆಯ ಹಾಗೆ ಕಾಲೆತ್ತಿ ಕಾಲೆತ್ತಿ ಸುತ್ತಿದ. ಅವಳು ಒಳಗೆ ಇಟ್ಟಿಗೆಗಳನ್ನು ನಿಲ್ಲಿಸತೊಡಗಿದಳು. ಅಪ್ಪ ಎಷ್ಟು ಅಂತರ ಬಿಡುತ್ತಿದ್ದ? ಒಂದು ಅಂಗೈ ಮತ್ತು ಎರಡು ಬೆರಳು. ಆದರೆ ಅದು ಅಪ್ಪನ ಅಂಗೈ. ಅವಳದು ಚಿಕ್ಕದು. ಒಂದೊಂದು ಇಟ್ಟಿಗೆಗೂ ಈ ಜಗಳ ಮತ್ತೆ ಮತ್ತೆ. ಕಾಂಗಿನ ತಲೆಯ ಕಡೆ, ಒಲೆಯ ಹತ್ತಿರ, ಸರಿಯಾಗಿ ಬಂತು ಅನ್ನಿಸಿತು. ಬಾಲದ ಕಡೆ, ಕೊನೆಯ ಓಣಿ, ಬಿಗಿಯಾಗಿಬಿಟ್ಟಿತು, ಅಲ್ಲಿಗೆ ಬಿಸಿ ಅಷ್ಟಾಗಿ ತಲುಪದು. ಅದು ಗೊತ್ತಾದದ್ದು ಮೇಲುಹಾಸು ಮುಚ್ಚಿ ಮಣ್ಣು ಬಳಿದಾದ ಮೇಲೆ. ಬಿಚ್ಚಲು ಮನಸ್ಸಾಗಲಿಲ್ಲ, ಮೈಯಲ್ಲಿ ಕಸುವೂ ಇರಲಿಲ್ಲ.

ಬೆಂಕಿ ಹಾಕಿದರು. ಗಾಳಿ ಬಂತು, ಹೋಯಿತು, ಮತ್ತೆ ಬಂತು. ಹೊಗೆ ಚಿಮಣಿಯಿಂದಲೇ ಹೊರಗೆ ಹೋಯಿತು. ದೆಮಾನ್ ಒಲೆಯ ಬಾಯಿಗೆ ಕೆನ್ನೆ ಹಿಡಿದು ನೋಡಿದ, ಆಮೇಲೆ ಹೆಂಡತಿಯನ್ನು ನೋಡಿದ. ಮುಕ್ಕಾಲು ಕೆಲಸ ನಾನು ಮಾಡಿಟ್ಟಿದ್ದೆ, ಆ ಗುಂಡಿಯೊಂದೇ ಬಾಕಿ ಇದ್ದದ್ದು ಎಂದ. ಯಾಚಿನ್‌ಗೆ ನಗು ಬರಬೇಕಿತ್ತು. ಬರಲಿಲ್ಲ.

ಹಸಿ ಕಾಂಗಿಗೆ ಒಮ್ಮೆಲೇ ಬೆಂಕಿ ಕೊಟ್ಟರೆ ಸೀಳುತ್ತದೆ. ನಾಲ್ಕು ದಿನ ಸಣ್ಣ ಉರಿ ಇಡಬೇಕು, ಆರಲೂ ಬಾರದು, ಹೆಚ್ಚಲೂ ಬಾರದು. ಅವಳು ಒಲೆ ಬಿಟ್ಟು ಅಲ್ಲಾಡುವಂತಿರಲಿಲ್ಲ. ಒಲೆಗೆ ಕಣ್ಣಿಟ್ಟೇ ಹರವಿ ತೊಳೆದು, ನಲವತ್ತು ಕೋಸು ಉಪ್ಪು ಹಾಕಿ ತುಂಬಿಸಿದಳು. ಏಣಿ ಇನ್ನೂ ಮಾಡಿನ ಮೇಲಿತ್ತು, ಉಳಿದ ಎಪ್ಪತ್ತು ಅಂಗಳದಲ್ಲೇ ಇದ್ದವು.

ಎರಡನೆಯ ದಿನ ಬೆಳಗ್ಗೆ ಶಿಲಿನ್ ಬಂದ. ಹೊಳೆಯಾಚೆಯಿಂದ ನೆಟ್ಟಗೆ ಎದ್ದ ಹೊಗೆ ಅವನಿಗೆ ಕಂಡಿರಬೇಕು. ಅಂಗಳದಲ್ಲಿ ನಿಂತು ಬಹಳ ಹೊತ್ತು ಚಿಮಣಿ ನೋಡಿ, ಹ್ಞೂಂ ಎಂದ. ಒಳಗೆ ಬಾ ಎಂದರೆ ಹೊಸ್ತಿಲು ದಾಟುವುದಿಲ್ಲವೆಂದು ಶಪಥ ಮಾಡಿದ್ದೇನೆ ಎಂದು ನೆನಪಿಸಿದ. ದೆಮಾನ್ ಕಿಟಕಿಗೆ ಪ್ಲಾಸ್ಟಿಕ್ ಹೊದಿಸಲು ಒಬ್ಬನೇ ಒದ್ದಾಡುತ್ತಿದ್ದ. ಗಾಳಿ ಅದನ್ನು ಅವನ ಮುಖಕ್ಕೇ ಸುತ್ತುತ್ತಿತ್ತು. ಶಿಲಿನ್ ಹೋಗಿ ಇನ್ನೊಂದು ತುದಿ ಹಿಡಿದ. ಮೊದಲು ಸುತ್ತಿಗೆಯ ಸದ್ದು. ಆಮೇಲೆ ಮರದ ಪಟ್ಟಿ ಒಳಗೆ ಬರಬೇಕೋ ಹೊರಗೋ ಎಂಬುದಕ್ಕೆ ಜಗಳ. ಆಮೇಲೆ, ಯಾಚಿನ್ ಕಿವಿ ನಿಮಿರಿಸಿ ಕೇಳಿದಳು, ಇಬ್ಬರೂ ಸೇರಿ ಪ್ಲಾಸ್ಟಿಕ್ ಮಾಡುವವರನ್ನು ಬಯ್ಯುತ್ತಿದ್ದರು. ಈಗ ಮೊದಲಿನಷ್ಟು ದಪ್ಪ ಮಾಡುವುದಿಲ್ಲವಂತೆ. ಹತ್ತು ತಿಂಗಳ ವೈರ ಅಷ್ಟಕ್ಕೆ ಮುಗಿದಿತ್ತು. ಅವಳ ಮೊಣಕಾಲು ಬದನೆಕಾಯಿಯ ಬಣ್ಣಕ್ಕೆ ಬಾತಿತ್ತು. ಟೀ ತೆಗೆದುಕೊಂಡು ಹೋದಾಗ ಅಣ್ಣ, ನಮ್ಮ ಮನೆತನದ ಕೈ ಅಲ್ಲವೇ, ಸೋಲುತ್ತದೆಯೇ ಎಂದ. ಟೀ ಅವನ ಮೇಲೆ ಸುರಿಯಬೇಕೆನಿಸಿತು. ಬಟ್ಟಲು ಕೈಗೆ ಕೊಟ್ಟು ಒಳಗೆ ಬಂದಳು.

ಐದನೆಯ ದಿನ ಬೀಗಿತ್ತಿಗೆ ಫೋನ್ ಮಾಡಿದಳು. ಕಾಂಗ್ ಒಣಗಿದೆ, ಹೊಗೆ ಇಲ್ಲ, ಗೋಡೆ ಬೆಚ್ಚಗಿದೆ ಎಂದಳು. ಝಾಯ್ ಸಂತೋಷ ಎಂದಳು, ಆಮೇಲೆ ಕೇಳಬೇಕಾದ್ದನ್ನು ಕೇಳಿದಳು. ನಿಮ್ಮ ಅಣ್ಣನೇ ಕಟ್ಟಿದ್ದು ತಾನೆ?

ಹ್ಞೂಂ ಎಂದರೆ ಮುಗಿಯುತ್ತಿತ್ತು. ಅಣ್ಣ ಅಂಗಳದಲ್ಲೇ ಇದ್ದ. ಕೇಳಿದರೆ ಅವನೂ ಹ್ಞೂಂ ಎನ್ನುತ್ತಿದ್ದ, ಆಗಲೇ ಅರ್ಧ ಹೇಳಿಯೂ ಇದ್ದ. ಯಾಚಿನ್ ಕಾಂಗಿನ ಮೇಲೆ ಅಂಗೈ ಊರಿದಳು. ಕೆನ್ನೆ ಕೆಂಪಗಿದ್ದವರು ನೆನಪಾದರು.

"ಅಲ್ಲ ಬೀಗಿತ್ತಿ. ನಾನು ಕಟ್ಟಿದ್ದು."

ಆ ಕಡೆ ಕುರ್ಚಿ ಎಳೆದು ಕೂತ ಸದ್ದು.

"ನೀವು ಮುಂಚೆ ಕಟ್ಟಿದ್ರಾ?"

"ಇಲ್ಲ. ಇದೇ ಮೊದಲು."

"ಹಾಗಾದ್ರೆ," ಎಂದಳು ಝಾಯ್, "ನಾನು ಬಂದು ಮಲಗಿ ನೋಡ್ತೀನಿ."

ತಿಂಗಳು ತುಂಬಲು ಎರಡು ದಿನ ಇರುವಾಗ ಹತ್ತು ಗಂಟೆಯ ಬಸ್ಸಿಗೆ ಬಂದಳು. ಜೊತೆಗೆ ತನ್ನದೇ ದಿಂಬು, ಮತ್ತು ಅಂಗೈಯಷ್ಟು ದೊಡ್ಡ ಒಂದು ಬಿಳಿ ಡಬ್ಬಿ. ವಿಷದ ಹೊಗೆ ಇದ್ದರೆ ಅದು ಕೂಗುತ್ತದಂತೆ, ಇಲ್ಲದಿದ್ದರೆ ಹಸಿರು ದೀಪ ಮಿಟುಕಿಸುತ್ತದಂತೆ. ಅದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಗೋಡೆ ಮುಟ್ಟಿದಳು, ಬಾಗಿಲ ಸಂದಿಗೆ ಕೈ ಹಿಡಿದಳು, ಒಲೆಯೊಳಗೆ ಇಣುಕಿದಳು. ಎಲೆಕೋಸು ಮತ್ತು ಹಂದಿಮಾಂಸದ ಸಾರನ್ನು ಎರಡು ಬಟ್ಟಲು ಉಂಡು, ಒಲೆಗೆ ಮಾಮೂಲಿಗಿಂತ ಹೆಚ್ಚು ಸೌದೆ ಹಾಕಿ ಎಂದು ಹೇಳಿ, ಕೋಟು ಬಿಚ್ಚಿ, ಕಾಂಗಿನ ತಲೆಯ ಕಡೆ ನೆಟ್ಟಗೆ ಮಲಗಿದಳು. ಪರೀಕ್ಷೆ ಮಾಡುವವಳು ಕಣ್ಣು ತೆರೆದಿರುತ್ತಾಳೆ ಎಂದುಕೊಂಡಿದ್ದಳು ಯಾಚಿನ್. ಹತ್ತು ನಿಮಿಷದಲ್ಲಿ ಗೊರಕೆ ಶುರುವಾಯಿತು.

ಯಾಚಿನ್ ಅಡುಗೆಮನೆಯಲ್ಲಿ ಒಲೆಯ ಮುಂದೆ ಕೂತಳು. ಡಬ್ಬಿ ಕಾಣುವಂತೆ ನಡುಬಾಗಿಲು ತೆರೆದಿಟ್ಟಳು. ಹಸಿರು ಮಿಟುಕಿತು, ಸ್ವಲ್ಪ ಹೊತ್ತು ಕತ್ತಲು, ಮತ್ತೆ ಮಿಟುಕಿತು. ಪ್ರತಿ ಕತ್ತಲಿಗೂ ಅವಳು ಕತ್ತು ಚಾಚುತ್ತಿದ್ದಳು. ಅಷ್ಟರಲ್ಲಿ ಬೆಳಕು ಬದಲಾದದ್ದು ಗೊತ್ತಾಯಿತು. ಹೊಸ ಪ್ಲಾಸ್ಟಿಕ್ಕಿನಾಚೆ ಏನೋ ಇಳಿಯುತ್ತಿತ್ತು, ಮೆಲ್ಲಗೆ, ದಪ್ಪದಪ್ಪಗೆ. ಹಿಮ. ಎಪ್ಪತ್ತು ಕೋಸು ಹೊರಗಿವೆ. ಈಗಲೇ ಒಳಗೆ ಹೋದರೆ ಸರಿ. ಒಂದು ಸಲ ತಿರುಳಿನ ತನಕ ಹೆಪ್ಪುಗಟ್ಟಿದರೆ ಮುಟ್ಟುವಂತಿಲ್ಲ, ಮುಟ್ಟಿದಲ್ಲಿ ಕೊಳೆಯುತ್ತದೆ.

ಗಂಡಸರಿಬ್ಬರೂ ಅಂಗಳದಲ್ಲೇ ಇದ್ದರು. ಪ್ಲಾಸ್ಟಿಕ್ಕಿನಲ್ಲಿ ಎರಡು ಮಸುಕು ಆಕಾರಗಳು, ಒಂದು ಗಿಡ್ಡ, ಒಂದು ಉದ್ದ. ನಿಂತು ಮಾತಾಡುತ್ತಿದ್ದವು. ಗಿಡ್ಡದ್ದು ಆಕಾಶಕ್ಕೆ ಕೈ ತೋರಿಸಿತು. ಉದ್ದದ್ದು ತಲೆಯಾಡಿಸಿತು. ಯಾಚಿನ್ ಕಿಟಕಿಗೆ ಹೋಗಿ ಕೈ ಬೀಸಿದಳು. ಅವರಿಗೆ ಕಾಣಲಿಲ್ಲ, ಅಷ್ಟು ಚೆನ್ನಾಗಿ ಹೊದಿಸಿದ್ದರು. ಗಾಜು ಬಡಿದರೆ ಬೀಗಿತ್ತಿ ಏಳುತ್ತಾಳೆ. ಬಾಗಿಲು ತೆರೆದರೆ ಚಳಿಗಾಳಿ ನೇರವಾಗಿ ಅವಳ ಕಾಲಿಗೆ ನುಗ್ಗುತ್ತದೆ, ಇಷ್ಟು ದಿನದ ಶ್ರಮವೆಲ್ಲ ಒಂದು ಸೀನಿನಲ್ಲಿ ಮುಗಿಯುತ್ತದೆ. ಅವಳು ನಿಂತಲ್ಲೇ ಮನಸ್ಸಿನಲ್ಲಿ ಕೂಗಿದಳು. ಕೋಸು ಎತ್ತಿ, ಬುದ್ಧಿಗೇಡಿಗಳಾ, ಬಗ್ಗಿ ನೋಡಿ, ಕಾಲ ಹತ್ತಿರವೇ ಇವೆ. ಆಕಾರಗಳು ಸಿಗರೇಟು ಹಚ್ಚಿಕೊಂಡವು.

ಎರಡು ಗಂಟೆ ಹಾಗೇ ಕಳೆಯಿತು. ಸೌದೆ ಹಾಕುವುದು, ಡಬ್ಬಿ ನೋಡುವುದು, ಕಿಟಕಿ ನೋಡುವುದು.

ಗೊರಕೆ ನಿಂತಿತು. ಝಾಯ್ ಎದ್ದು ಕೂತಳು. ಒಂದು ಕೆನ್ನೆ ಕೆಂಪಗಾಗಿತ್ತು, ಯಾಚಿನ್‌ಗೆ ಜೀವ ಹಾರಿಹೋಯಿತು. ಅದು ದಿಂಬಿನ ಗುರುತು. ಝಾಯ್ ಡಬ್ಬಿಯ ಕಡೆ ನೋಡಿದಳು, ತನ್ನ ನಾಡಿಯನ್ನು ತಾನೇ ಹಿಡಿದು ಗಡಿಯಾರ ನೋಡಿ ಎಣಿಸಿದಳು. ಆಮೇಲೆ ಮೊಣಕಾಲೂರಿ ಕಾಂಗಿನ ಉದ್ದಕ್ಕೂ ಅಂಗೈ ಇಡುತ್ತ ಹೋದಳು, ತಲೆಯಿಂದ ಬಾಲದ ತನಕ. ಬಾಲದಲ್ಲಿ ನಿಂತಳು.

"ಈ ತುದಿ ತಣ್ಣಗಿದೆ."

ಯಾಚಿನ್‌ಗೆ ಹತ್ತು ಮಾತು ಒಟ್ಟಿಗೆ ಹೊಳೆದವು. ಲೋಕದ ಯಾವ ಕಾಂಗಿನ ಬಾಲ ಬೆಚ್ಚಗಿರುತ್ತದೆ? ಆ ಓಣಿ ಬಿಗಿಯಾದದ್ದು ನನಗೂ ಗೊತ್ತು. ನೀವು ಆ ಸಿಮೆಂಟು ಒಡೆದು ನೋಡಿ. ಅವಳು ಒಲೆಗೆ ಇನ್ನೊಂದು ಸೌದೆ ತುರುಕಿದಳು.

"ಮಗೂನ ಆ ಕಡೆ ಮಲಗಿಸ್ಕೊಳ್ಳಿ, ಒಲೆ ಹತ್ರ," ಎಂದಳು ಝಾಯ್, ದಿಂಬಿನ ಮೇಲಿನ ಕೂದಲು ಕೊಡವುತ್ತ. "ದಾನ್‌ದಾನ್ ಇಲ್ಲಿರಲಿ. ಅವಳಿಗೆ ಯಾವಾಗ್ಲೂ ಸೆಕೆ. ಡಬ್ಬಿ ಇಲ್ಲೇ ಇರಲಿ, ತೆಗೀಬೇಡಿ."

ಯಾಚಿನ್ ಆಗಲಿ ಎಂದಳು. ಬಟ್ಟೆ ತಲೆಗೆ ಸುತ್ತಿಕೊಂಡು, ಬಾಗಿಲನ್ನು ಒಬ್ಬಳು ನುಸುಳುವಷ್ಟೇ ತೆರೆದು, ಹೊರಗೆ ಬಂದು ಮುಚ್ಚಿದಳು.

ಅಂಗಳವೆಲ್ಲ ಬೆಳ್ಳಗಾಗಿತ್ತು. ಕೋಸುಗಳ ಮೇಲೆ ಎರಡು ಬೆರಳು ಹಿಮ. ಬಗ್ಗಿ ಒಂದನ್ನು ಒತ್ತಿ ನೋಡಿದಳು. ಹೊರಗಿನ ಎಲೆ ಗಾಜಾಗಿತ್ತು, ಒಳಗೆ ಇನ್ನೂ ಮೆತ್ತಗಿತ್ತು. ಗಂಡ, ಅಣ್ಣ ಇಬ್ಬರೂ ಓಡಿ ಬಂದರು.

"ಏನಂದ್ಳು?" ಎಂದ ದೆಮಾನ್. "ಕಳಿಸ್ತಾಳಂತಾ?"

"ಬಾಲ ನೋಡಿದ್ಳಾ? ಬಾಲದ ಬಗ್ಗೆ ಏನಾದ್ರೂ ಅಂದ್ಳಾ?" ಎಂದ ಶಿಲಿನ್.

"ಏಣಿ ಇಳಿಸಿ," ಎಂದಳು ಯಾಚಿನ್.

"ಅಲ್ಲ, ಏನಂದ್ಳು ಅಂತ—"

"ಎಪ್ಪತ್ತಿದೆ. ಬುಡ ಹಿಡ್ಕೊಂಡು ಎತ್ತಿ, ಎಲೆ ಹಿಡೀಬೇಡಿ."

ಇಬ್ಬರೂ ಅವಳ ಮುಖ ನೋಡಿದರು. ಅಲ್ಲಿ ಓದಲು ಏನೂ ಸಿಗಲಿಲ್ಲ. ದೆಮಾನ್ ಕೋಳಿಗೂಡಿನ ಮೇಲಿಂದ ಮಾಡಿಗೆ ಹತ್ತಿ ಏಣಿ ಇಳಿಸಿದ. ಶಿಲಿನ್ ನೆಲಗುಂಡಿಯೊಳಗೆ ಇಳಿದು ಕೈ ಚಾಚಿದ. ಯಾಚಿನ್ ಗೋಡೆಗೆ ಒರಗಿ, ಬಾತ ಮೊಣಕಾಲಿನ ಭಾರ ಇನ್ನೊಂದು ಕಾಲಿಗೆ ಹಾಕಿ, ಒಂದೊಂದೇ ಕೋಸು ಒಳಗೆ ಹೋಗುವುದನ್ನು ನೋಡುತ್ತ ನಿಂತಳು. ಹನ್ನೆರಡಾಗುವಷ್ಟರಲ್ಲಿ ದೆಮಾನ್ ಎರಡು ಸಲ ತಿರುಗಿ ನೋಡಿದ. ಇಪ್ಪತ್ತಾಗುವಷ್ಟರಲ್ಲಿ ಅಣ್ಣ ಗುಂಡಿಯೊಳಗಿಂದ, ಒಳ್ಳೇದೋ ಕೆಟ್ಟದ್ದೋ ಅಷ್ಟಾದರೂ ಹೇಳು ಎಂದ. ಅವಳು ಹೇಳಲಿಲ್ಲ. ಇನ್ನೂ ಐವತ್ತು ಬಾಕಿ ಇದ್ದವು.